ಟ್ಯೂಮರ್ ಮಾರ್ಕರ್ ರಕ್ತಪರೀಕ್ಷೆ ಮತ್ತು ಯಕೃತ್ತಿನ ತಪಾಸಣೆ: ಅರಸೀಕೆರೆ, ಬೇಲೂರು ಹಾಗೂ ಹಳೇಬೀಡು ಭಾಗದ ನಾಗರಿಕರಿಗೆ ಮಾಹಿತಿ

ಹಾಸನ ಜಿಲ್ಲೆಯ ಅರಸೀಕೆರೆ ಮತ್ತು ಬೇಲೂರು ತಾಲ್ಲೂಕುಗಳ ಹಾಗೂ ಹಳೇಬೀಡು ಹೋಬಳಿಯ ನಾಗರಿಕರ ಅನುಕೂಲಕ್ಕಾಗಿ ಈ ಮಾಹಿತಿಯನ್ನು ನೀಡಲಾಗಿದೆ. ಖಾಸಗಿ ಪ್ರಯೋಗಾಲಯಗಳ 'ಪೂರ್ಣ ದೇಹ ತಪಾಸಣೆ' ಪ್ಯಾಕೇಜುಗಳಲ್ಲಿ ಟ್ಯೂಮರ್ ಮಾರ್ಕರ್ ಪರೀಕ್ಷೆಯೂ ಸೇರಿರುವುದರಿಂದ, ಅದನ್ನು ಎಲ್ಲರೂ ಮಾಡಿಸಿಕೊಳ್ಳಬೇಕೇ ಎಂಬ ಸಂದೇಹ ಸಹಜ. ಆರೋಗ್ಯವಂತರಲ್ಲಿ ಕ್ಯಾನ್ಸರ್ ಇದೆಯೇ ಇಲ್ಲವೇ ಎಂಬುದನ್ನು ಈ ಪರೀಕ್ಷೆಯೊಂದರಿಂದಲೇ ನಿರ್ಧರಿಸಲಾಗದು ಎಂಬುದನ್ನು ಮೊದಲಿಗೇ ಸ್ಪಷ್ಟಪಡಿಸಲಾಗಿದೆ. ರಾಷ್ಟ್ರೀಯ ಕಾರ್ಯಕ್ರಮದಡಿ 30 ವರ್ಷ ಮೇಲ್ಪಟ್ಟವರಿಗೆ ನಡೆಸುವ ಉಚಿತ ಕ್ಯಾನ್ಸರ್ ತಪಾಸಣೆಯು ಬಾಯಿ, ಸ್ತನ ಮತ್ತು ಗರ್ಭಕೊರಳಿಗೆ ಸಂಬಂಧಿಸಿದ್ದು, ಅದಕ್ಕೆ ಟ್ಯೂಮರ್ ಮಾರ್ಕರ್ ರಕ್ತಪರೀಕ್ಷೆಯ ಅಗತ್ಯವಿರುವುದಿಲ್ಲ.

ಟ್ಯೂಮರ್ ಮಾರ್ಕರ್ ಎಂದರೇನು?

ಕೆಲವು ಗಡ್ಡೆಗಳಿಂದ ರಕ್ತಕ್ಕೆ ಸೇರುವ ವಸ್ತುಗಳಿಗೆ ಟ್ಯೂಮರ್ ಮಾರ್ಕರ್ ಎನ್ನುತ್ತಾರೆ. ಯಕೃತ್ತಿಗೆ ಸಂಬಂಧಿಸಿದ್ದು ಆಲ್ಫಾ ಫೀಟೋಪ್ರೋಟೀನ್, ಅಂದರೆ ಎ.ಎಫ್.ಪಿ. ಇದು ಗರ್ಭಸ್ಥ ಶಿಶುವಿನ ಯಕೃತ್ತಿನಲ್ಲಿ ತಯಾರಾಗುವ ಪ್ರೋಟೀನು. ಜನನಾನಂತರ ಬಹುಮಟ್ಟಿಗೆ ಮರೆಯಾಗುತ್ತದೆ. 1963ರಲ್ಲಿ ಸೋವಿಯತ್ ವಿಜ್ಞಾನಿ ಅಬೆಲೆವ್ ಯಕೃತ್ತಿನ ಗಡ್ಡೆಯಿದ್ದ ಇಲಿಗಳಲ್ಲಿಯೂ, ಮರುವರ್ಷ ತತಾರಿನೋವ್ ಯಕೃತ್ತಿನ ಕ್ಯಾನ್ಸರ್ ಪೀಡಿತರ ರಕ್ತದಲ್ಲಿಯೂ ಇದನ್ನು ಗುರುತಿಸಿದರು.

ಆದರೆ ಇದರ ಪ್ರಮಾಣವು ಗರ್ಭಿಣಿಯರಲ್ಲಿ ಸಹಜವಾಗಿಯೇ ಏರುತ್ತದೆ. ಹೆಪಟೈಟಿಸ್ ಸೋಂಕಿನಲ್ಲಿಯೂ ಏರಬಹುದು. ಮತ್ತೊಂದೆಡೆ, ಯಕೃತ್ತಿನ ಕ್ಯಾನ್ಸರ್ ಇರುವವರಲ್ಲಿ ಸುಮಾರು ಮೂರನೆಯ ಒಂದು ಭಾಗದಷ್ಟು ಜನರಲ್ಲಿ ಇದು ಏರುವುದೇ ಇಲ್ಲ. ಉಳಿದ ಮಾರ್ಕರುಗಳ ಸ್ಥಿತಿಯೂ ಇದೇ. ಪಿತ್ತನಾಳದಲ್ಲಿ ಕಲ್ಲು ಸಿಕ್ಕಿ ಕಾಮಾಲೆಯಾದಾಗ ಸಿ.ಎ. 19-9, ಮುಟ್ಟಿನ ದಿನಗಳಲ್ಲಿ ಅಥವಾ ಹೊಟ್ಟೆಯ ಕ್ಷಯದಲ್ಲಿ ಸಿ.ಎ. 125, ಬೀಡಿ ಸಿಗರೇಟು ಸೇದುವವರಲ್ಲಿ ಸಿ.ಇ.ಎ. ಹೆಚ್ಚಾಗಿ ಕಾಣಬಹುದು. ಅಂಕಿ ಹೆಚ್ಚು ಬಂದವರು ಸ್ಕ್ಯಾನಿನಿಂದ ಸ್ಕ್ಯಾನಿಗೆ ಅಲೆದು ಹಣ ಕಳೆದುಕೊಳ್ಳುವುದು ಒಂದು ನಷ್ಟ. 'ನಾರ್ಮಲ್' ಎಂದು ಬಂದ ವರದಿಯನ್ನು ಬೀರುವಿನಲ್ಲಿಟ್ಟು ನಿಶ್ಚಿಂತರಾಗುವುದು ಅದಕ್ಕಿಂತ ದೊಡ್ಡ ನಷ್ಟ.

ಹಾಗಾದರೆ ಎ.ಎಫ್.ಪಿ. ಯಾರಿಗೆ ಅವಶ್ಯಕ?

ಸಿರೋಸಿಸ್ ಉಳ್ಳವರು ಮತ್ತು ದೀರ್ಘಕಾಲದ ಹೆಪಟೈಟಿಸ್-ಬಿ ಸೋಂಕಿರುವವರ ಪೈಕಿ ವೈದ್ಯರು ಸೂಚಿಸಿದವರು ಪ್ರತಿ 6 ತಿಂಗಳಿಗೊಮ್ಮೆ ಹೊಟ್ಟೆಯ ಅಲ್ಟ್ರಾಸೌಂಡ್ ಸ್ಕ್ಯಾನ್ ಮಾಡಿಸತಕ್ಕದ್ದು; ಎ.ಎಫ್.ಪಿ. ಅದರ ಜೊತೆಗಿನ ಪರೀಕ್ಷೆಯೇ ಹೊರತು ಅದಕ್ಕೆ ಬದಲಿಯಲ್ಲ. ಗಡ್ಡೆ ಚಿಕ್ಕದಿರುವಾಗ ನೋವಾಗಲೀ ಕಾಮಾಲೆಯಾಗಲೀ ಇರುವುದಿಲ್ಲವಾದ್ದರಿಂದ, ಆರಾಮವಾಗಿದ್ದೇನೆಂಬ ಕಾರಣಕ್ಕೆ ಈ ತಪಾಸಣೆಯನ್ನು ತಪ್ಪಿಸಬಾರದು.

ಮೊದಲು ಮಾಡಿಸಬೇಕಾದ ಪರೀಕ್ಷೆ

ಹೆಪಟೈಟಿಸ್-ಬಿ ಮತ್ತು ಸಿ ಸೋಂಕು ಇದೆಯೇ ಎಂದು ತಿಳಿಯುವುದೇ ಯಕೃತ್ತಿನ ತಪಾಸಣೆಯ ಮೊದಲ ಹೆಜ್ಜೆ. ದಿನಾಂಕ 28.07.2018ರಂದು ಆರಂಭವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಡಿ ಇದರ ಪರೀಕ್ಷೆ ಮತ್ತು ಚಿಕಿತ್ಸೆ ಎರಡೂ ಉಚಿತ. ಹೆಪಟೈಟಿಸ್-ಸಿ ಬಹುಪಾಲು ರೋಗಿಗಳಲ್ಲಿ 12 ವಾರಗಳ ಮಾತ್ರೆಯಿಂದ ಸಂಪೂರ್ಣ ಗುಣವಾಗುತ್ತದೆ. ಹೆಪಟೈಟಿಸ್-ಬಿ ಪೂರ್ಣ ಗುಣವಾಗುವುದು ವಿರಳವಾದರೂ ಮಾತ್ರೆಯಿಂದ ಹತೋಟಿಯಲ್ಲಿಡಬಹುದು.

ಗರ್ಭಿಣಿಯರಿಗೆ ಹೆಪಟೈಟಿಸ್-ಬಿ ಪರೀಕ್ಷೆ ಮಾಡಲಾಗುತ್ತದೆ. ಎಷ್ಟೋ ಕುಟುಂಬಗಳಿಗೆ ಸೋಂಕಿನ ವಿಷಯ ಮೊದಲು ತಿಳಿಯುವುದು ಹೀಗೆಯೇ. ತಾಯಿಯಿಂದ ಹೆರಿಗೆಯಲ್ಲಿ ಸೋಂಕು ತಗಲಿದ ಶಿಶುಗಳಲ್ಲಿ ಸುಮಾರು ಶೇ. 90ರಷ್ಟು ಮಕ್ಕಳಿಗೆ ಅದು ದೀರ್ಘಕಾಲ ಉಳಿಯುತ್ತದೆ. ಆದ್ದರಿಂದ ಹುಟ್ಟಿದ 24 ಗಂಟೆಯೊಳಗೆ ಲಸಿಕೆ ಹಾಕಿಸಬೇಕು. ಆಕೆಯ ಪತಿ, ಹಿರಿಯ ಮಕ್ಕಳು ಹಾಗೂ ಒಡಹುಟ್ಟಿದವರೂ ಪರೀಕ್ಷೆಗೆ ಬರಬೇಕು. ಒಟ್ಟಿಗೆ ಊಟ ಮಾಡುವುದರಿಂದ, ಕೈಕುಲುಕುವುದರಿಂದ ಈ ಸೋಂಕು ಹರಡುವುದಿಲ್ಲವಾದ್ದರಿಂದ ಸೋಂಕಿತರ ತಟ್ಟೆ ಲೋಟ ಬೇರೆ ಮಾಡುವ ಅಗತ್ಯವಿಲ್ಲ.

ಕಾಮಾಲೆಗೆ ನಾಟಿ ಔಷಧ ಕೊಡಿಸುವ ರೂಢಿಯ ಬಗ್ಗೆಯೂ ಒಂದು ಮಾತು. ಕಾಮಾಲೆಯು ಲಕ್ಷಣವೇ ಹೊರತು ಒಂದೇ ರೋಗವಲ್ಲ. ನೀರಿನಿಂದ ಬರುವ ಹೆಪಟೈಟಿಸ್-ಎ ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಯುತ್ತದೆ. ಶ್ರೇಯಸ್ಸು ಔಷಧಕ್ಕೆ ಸಲ್ಲುತ್ತದೆ. ಅದೇ ನಂಬಿಕೆಯಿಂದ ಹೆಪಟೈಟಿಸ್-ಬಿ ಇರುವವರೂ ಪರೀಕ್ಷೆಯಿಲ್ಲದೆ ಉಳಿದರೆ, ಕಣ್ಣಿನ ಹಳದಿ ಹೋದರೂ ಸೋಂಕು ಒಳಗೇ ಉಳಿಯಬಹುದು.

ಮದ್ಯಪಾನ, ಸಕ್ಕರೆ ಕಾಯಿಲೆ, ಕೊಬ್ಬರಿ

ಮದ್ಯಪಾನ ಮಾಡದವರಿಗೆ ಯಕೃತ್ತಿನ ಕಾಯಿಲೆ ಬರುವುದಿಲ್ಲವೆಂಬುದು ತಪ್ಪು ಕಲ್ಪನೆ. ಸಕ್ಕರೆ ಕಾಯಿಲೆ ಮತ್ತು ಬೊಜ್ಜಿನಿಂದ ಬರುವ ಫ್ಯಾಟಿ ಲಿವರ್ ಕಾಯಿಲೆಯನ್ನು ಕೇಂದ್ರ ಸರ್ಕಾರವು 2021ರಲ್ಲಿ ಅಸಾಂಕ್ರಾಮಿಕ ರೋಗಗಳ ರಾಷ್ಟ್ರೀಯ ಕಾರ್ಯಕ್ರಮಕ್ಕೆ ಸೇರಿಸಿದೆ. ಇದರಲ್ಲಿ ಬಳಸುವ 'ಫಿಬ್-4' ಎಂಬ ಲೆಕ್ಕಕ್ಕೆ ದುಬಾರಿ ಪರೀಕ್ಷೆ ಬೇಕಿಲ್ಲ. ವಯಸ್ಸನ್ನು ಎಸ್.ಜಿ.ಒ.ಟಿ. ಅಂಕಿಯಿಂದ ಗುಣಿಸಿ, ಬಂದುದನ್ನು ಪ್ಲೇಟ್‌ಲೆಟ್ ಸಂಖ್ಯೆ (ಸಾವಿರಗಳಲ್ಲಿ) ಮತ್ತು ಎಸ್.ಜಿ.ಪಿ.ಟಿ.ಯ ವರ್ಗಮೂಲಗಳ ಗುಣಲಬ್ಧದಿಂದ ಭಾಗಿಸಬೇಕು. ಉದಾಹರಣೆಗೆ ವಯಸ್ಸು 50, ಎಸ್.ಜಿ.ಒ.ಟಿ. 40, ಎಸ್.ಜಿ.ಪಿ.ಟಿ. 36, ಪ್ಲೇಟ್‌ಲೆಟ್ 2 ಲಕ್ಷ ಇದ್ದಲ್ಲಿ, 2000ವನ್ನು 1200ರಿಂದ ಭಾಗಿಸಿದರೆ 1.67 ಬರುತ್ತದೆ. 1.3ಕ್ಕಿಂತ ಕಡಿಮೆಯಿದ್ದರೆ ಯಕೃತ್ತು ಗಟ್ಟಿಯಾಗಿರುವ ಸಂಭವ ಕಡಿಮೆ. ಮೇಲಿದ್ದರೆ ಮುಂದಿನ ಪರೀಕ್ಷೆಗೆ ವೈದ್ಯರನ್ನು ಕಾಣಬೇಕು. ಗಮನಿಸಿ, ಈ ಉದಾಹರಣೆಯಲ್ಲಿ ಬಿಡಿಯಾಗಿ ನೋಡಿದರೆ ಯಾವ ಅಂಕಿಯೂ ಗಾಬರಿ ಹುಟ್ಟಿಸುವಂಥದ್ದಲ್ಲ.

ಅರಸೀಕೆರೆ ಭಾಗದಲ್ಲಿ ಉಂಡೆ ಕೊಬ್ಬರಿಗಾಗಿ ತೆಂಗಿನಕಾಯಿಯನ್ನು ತಿಂಗಳುಗಟ್ಟಲೆ ಅಟ್ಟದ ಮೇಲಿಡುವುದು ವಾಡಿಕೆ. ಬೂಷ್ಟು ಹಿಡಿದ ಕೊಬ್ಬರಿ, ಕಡಲೆಕಾಯಿ ಮತ್ತು ಮೆಕ್ಕೆಜೋಳದಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಇರಬಹುದಾಗಿದ್ದು, ಅದು ಯಕೃತ್ತಿನ ಕ್ಯಾನ್ಸರಿಗೆ ಕಾರಣವೆಂದು ಸಾಬೀತಾಗಿದೆ. ಬೂಷ್ಟನ್ನು ಒರೆಸಿದರೂ, ಬೇಯಿಸಿದರೂ ವಿಷ ಹೋಗುವುದಿಲ್ಲ. ಮಾರಾಟಕ್ಕೆ ಬಾರದ ಕೆಟ್ಟ ಕೊಬ್ಬರಿಯನ್ನು ಮನೆಯ ಅಡುಗೆಗೆ ಇಟ್ಟುಕೊಳ್ಳುವುದು ಲಾಭದ ಲೆಕ್ಕವಲ್ಲ.

ಸೇವೆ ಪಡೆಯುವ ವಿಧಾನ

ಮೊದಲು ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರ, ಹಳೇಬೀಡಿನ ಸರ್ಕಾರಿ ಆಸ್ಪತ್ರೆ ಅಥವಾ ಅರಸೀಕೆರೆ, ಬೇಲೂರು ತಾಲ್ಲೂಕು ಆಸ್ಪತ್ರೆಯಲ್ಲಿ ವೈದ್ಯರನ್ನು ಕಾಣಬೇಕು. ಅಗತ್ಯವಿದ್ದಲ್ಲಿ ಹಾಸನದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಬೋಧಕ ಆಸ್ಪತ್ರೆಗೂ, ಕ್ಯಾನ್ಸರ್ ಚಿಕಿತ್ಸೆಗೆ ಬೆಂಗಳೂರಿನ ಕಿದ್ವಾಯಿ ಸಂಸ್ಥೆಗೂ ಶಿಫಾರಸು ಮಾಡುತ್ತಾರೆ. 2018ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವಾರ್ಷಿಕ 5 ಲಕ್ಷ ರೂ.ವರೆಗೆ ಉಚಿತ ಚಿಕಿತ್ಸೆ, ಎ.ಪಿ.ಎಲ್. ಕುಟುಂಬಕ್ಕೆ ಪ್ಯಾಕೇಜ್ ದರದ ಶೇ. 30ರಷ್ಟು, 1.5 ಲಕ್ಷ ರೂ. ಮಿತಿಯಲ್ಲಿ ದೊರೆಯುತ್ತದೆ. ತುರ್ತು ಸಂದರ್ಭ ಹೊರತುಪಡಿಸಿ ಖಾಸಗಿ ಆಸ್ಪತ್ರೆಗೆ ಹೋಗಲು ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಅವಶ್ಯಕ. ಸ್ವಂತ ಇಚ್ಛೆಯಿಂದ ಖರೀದಿಸಿದ ತಪಾಸಣಾ ಪ್ಯಾಕೇಜಿನ ಹಣವು ಈ ಯೋಜನೆಯಲ್ಲಿ ಮರುಪಾವತಿಯಾಗುವುದಿಲ್ಲ.

ಆಧಾರ್ ಕಾರ್ಡ್, ಪಡಿತರ ಚೀಟಿ ಹಾಗೂ ಹಿಂದಿನ ಎಲ್ಲ ವರದಿಗಳ ಮೂಲ ಪ್ರತಿಗಳನ್ನು ತರತಕ್ಕದ್ದು. ಎ.ಎಫ್.ಪಿ. ಹಿಂದೆ ಮಾಡಿಸಿದ್ದಲ್ಲಿ ಹಳೆಯ ವರದಿ ಬಹಳ ಮುಖ್ಯ. ವೈದ್ಯರು ಒಂದು ಅಂಕಿಯನ್ನಲ್ಲ, ಏರಿಕೆಯನ್ನು ನೋಡುತ್ತಾರೆ. ಹೊಟ್ಟೆಯ ಸ್ಕ್ಯಾನಿಗೆ 6 ರಿಂದ 8 ಗಂಟೆ ಉಪವಾಸವಿರಬೇಕಾದ್ದರಿಂದ ಬೆಳಗಿನ ಮೊದಲ ಬಸ್ಸಿಗೆ ಹೊರಡುವುದು ಅನುಕೂಲ. ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಅಂದಿನ ಬೆಳಗಿನ ಔಷಧದ ಬಗ್ಗೆ ಹಿಂದಿನ ದಿನವೇ ವೈದ್ಯರನ್ನು ಕೇಳಿಕೊಂಡಿರಬೇಕು.