ವಕೀಲಿಯಿಂದ ರಾಷ್ಟ್ರಸೇವೆಗೆ: ಬಸಪ್ಪ ದಾನಪ್ಪ ಜತ್ತಿಯವರು

ಬಸವಣ್ಣನವರು ಬಿಜ್ಜಳನ ಭಂಡಾರವನ್ನು ನೋಡಿಕೊಳ್ಳುತ್ತಲೇ ಶರಣಧರ್ಮವನ್ನು ನಡೆಸಿ ತೋರಿದರು. ರಾಜಕಾರ್ಯವೂ ಶಿವಕಾರ್ಯವೂ ಒಂದಕ್ಕೊಂದು ವೈರಿಗಳಲ್ಲವೆಂಬುದಕ್ಕೆ ಇದಕ್ಕಿಂತ ಹಿರಿದಾದ ನಿದರ್ಶನ ಬೇಡ. ಕೂಡಲಸಂಗಮಕ್ಕೆ ನೆರೆಯವರಾದ ಗುಡೂರು ಸೀಮೆಯ ಭಕ್ತರು, ಆ ದಾರಿಯಲ್ಲಿ ನಡೆಯಲೆಳಸಿದ ನಮ್ಮ ನಾಡಿನವರೊಬ್ಬರನ್ನು ಈ ಮಹೋತ್ಸವದ ಸಮಯದಲ್ಲಿ ನೆನೆಯುವುದು ಉಚಿತವೇ ಆಗಿದೆ.

ಶ್ರೀ ಜತ್ತಿಯವರು 1912ನೆಯ ಇಸವಿ ಸಪ್ಟೆಂಬರ 10ರಂದು ಜಮಖಂಡಿ ತಾಲೂಕಿನ ಸಾವಳಗಿಯಲ್ಲಿ ಜನ್ಮವೆತ್ತಿದರು. ಕೊಲ್ಲಾಪುರದಲ್ಲಿ ನ್ಯಾಯಶಾಸ್ತ್ರವನ್ನು ಅಭ್ಯಸಿಸಿ ಜಮಖಂಡಿಯಲ್ಲಿ ವಕೀಲಿ ವೃತ್ತಿಯನ್ನು ಕೈಕೊಂಡರು. ಪುರಸಭೆಯ ಸದಸ್ಯತ್ವದಿಂದ ಮೊದಲಾದ ಅವರ ಲೋಕಸೇವೆಯು ಅವರನ್ನು ಸಂಸ್ಥಾನದ ಮಂತ್ರಿಪದಕ್ಕೂ, ತರುವಾಯ ಮುಖ್ಯಮಂತ್ರಿಯ ಸ್ಥಾನಕ್ಕೂ ಏರಿಸಿತು. 1948ರ ಮಾರ್ಚ 8ರಂದು ಸಂಸ್ಥಾನವು ಮುಂಬಯಿ ಪ್ರಾಂತದಲ್ಲಿ ಲೀನವಾಯಿತು. ತಮ್ಮ ಅಧಿಕಾರಕ್ಕೆ ತಾವೇ ಮುಕ್ತಾಯ ಹಾಡಿದ ಅವರು ಖಿನ್ನರಾಗದೆ ಮರಳಿ ವಕೀಲಿಗೆ ತೊಡಗಿದರು. ಪದವಿಯು ಹೋದ ಮೇಲೆ ಕಾಯಕಕ್ಕೆ ಹಿಂದಿರುಗಬಲ್ಲವನೇ ಪದವಿಗೆ ಯೋಗ್ಯನು.

ಕೆಲಕಾಲದಲ್ಲಿಯೇ ಮುಂಬಯಿ ವಿಧಾನಸಭೆಯು ಅವರನ್ನು ಬರಮಾಡಿಕೊಂಡಿತು. 1956ರಲ್ಲಿ ಕನ್ನಡನಾಡು ಒಂದಾದ ತರುವಾಯ ಅವರು ಮೈಸೂರು ರಾಜ್ಯದ ಭೂಸುಧಾರಣಾ ಸಮಿತಿಗೆ ಅಧ್ಯಕ್ಷರಾದರು. 1958ರಿಂದ 1962ರ ವರೆಗೆ ಮುಖ್ಯಮಂತ್ರಿಗಳಾಗಿದ್ದರು. 1961ರ ಭೂಸುಧಾರಣಾ ಕಾಯಿದೆಯು ಅವರ ಕಾಲದ್ದು. ಅದರಲ್ಲಿ ಒಡೆಯರಿಗೆ ಅವಕಾಶಗಳು ಬಹಳವಾಗಿ ಉಳಿದಿದ್ದವು. ಗೇಣಿಯ ರೈತನಿಗೆ ದೃಢವಾದ ಆಸರೆಯು 1974ರ ತಿದ್ದುಪಡಿಯಿಂದಲೇ ದೊರೆಯಿತು. ಆದರೂ ಬುನಾದಿಯನ್ನು ಹಾಕಿದವರನ್ನು ಮರೆಯಲಾಗದು.

ಪಾಂಡಿಚೇರಿ, ಒರಿಸ್ಸಾಗಳಲ್ಲಿ ಸೇವೆ ಸಲ್ಲಿಸಿ 1974ರಲ್ಲಿ ಅವರು ಭಾರತದ ಉಪರಾಷ್ಟ್ರಪತಿಗಳಾದರು. 1977ರ ಫೆಬ್ರುವರಿ 11ರಂದು ಫಕ್ರುದ್ದೀನ ಅಲಿ ಅಹಮದರು ನಿಧನ ಹೊಂದಲು, ರಾಷ್ಟ್ರಪತಿಯ ಭಾರವು ಇವರ ಮೇಲೆ ಬಿದ್ದಿತು. ಆ ಎಪ್ರಿಲದಲ್ಲಿ ಒಂಬತ್ತು ರಾಜ್ಯಗಳ ವಿಧಾನಸಭೆಗಳನ್ನು ವಿಸರ್ಜಿಸಬೇಕೆಂದು ಹೊಸ ಮಂತ್ರಿಮಂಡಲವು ಸಲಹೆಯಿತ್ತಿತು. ಜತ್ತಿಯವರು ಒಡನೆಯೇ ಸಹಿ ಮಾಡಲಿಲ್ಲ. ಮಂತ್ರಿಮಂಡಲದ ಸಲಹೆಗೆ ರಾಷ್ಟ್ರಪತಿಯು ಬದ್ಧನೆಂದು ಸಂವಿಧಾನದ 42ನೆಯ ತಿದ್ದುಪಡಿಯು ವಿಧಿಸಿತ್ತು; ವಕೀಲರಾದ ಅವರು ಇದನ್ನರಿಯದವರಲ್ಲ. ಈ ವಿಳಂಬವು ಪಕ್ಷದ ಮಮತೆಯೆಂದು ಕೆಲವರು ಜರೆದರು, ಮನಸ್ಸಾಕ್ಷಿಯ ತೊಳಲಾಟವೆಂದು ಕೆಲವರು ಬಗೆದರು. ಕಡೆಗೆ ಎಪ್ರಿಲ 30ರಂದು ಅವರು ಸಹಿಯಿತ್ತರು. ಮನಸ್ಸಿನಲ್ಲಿ ಏನೇ ಇದ್ದರೂ ಕಟ್ಟಳೆಯೇ ಮೇಲಾಯಿತು.

ಅಧಿಕಾರಗಳೆಲ್ಲ ಕಾಲಮಿತಿಯುಳ್ಳವು. 1964ರಲ್ಲಿ ಅವರು ಬೆಂಗಳೂರಿನಲ್ಲಿ ಸ್ಥಾಪಿಸಿದ ಬಸವ ಸಮಿತಿಯಾದರೋ, 2002ರ ಜೂನ 7ರಂದು ಅವರು ಲಿಂಗೈಕ್ಯರಾದ ಬಳಿಕವೂ ಶರಣರ ವಚನಗಳನ್ನು ನಾನಾ ಭಾಷೆಗಳಿಗೆ ಮುಟ್ಟಿಸುತ್ತ ಬಂದಿದೆ. ಪೀಠವೇರಿದವರು ಹಲವರು, ಇಳಿದ ಮೇಲೆಯೂ ಉಳಿಯುವ ಕಾರ್ಯವನ್ನು ಮಾಡಿದವರು ಕೆಲವರೇ. ನಮ್ಮ ತರುಣರು ಈ ಭೇದವನ್ನರಿತು ನಡೆಯುವಂತೆ ಶಿವನು ಕರುಣಿಸಲಿ.