ಬಾತುಕೋಳಿ ಬಾಲ: ಒಂದು ಎಂಜಿನ್ ಮುಚ್ಚಳದ ಚರಿತ್ರೆ

(1/7)
ಫೋಟೋದಲ್ಲಿರೋ ಬಿಳಿ ಕಾರಿನ ಮುಖ ಬಿಡಿ, ಹಿಂಭಾಗ ನೋಡಿ. ಹಿಂದಿನ ಗಾಜಿನಿಂದ ಇಳಿಜಾರಾಗಿ ಬಂದ ಬೆನ್ನು ಕೊನೆಯಲ್ಲಿ ಥಟ್ಟನೆ ಮೇಲಕ್ಕೆ ಎದ್ದು ನಿಂತಿದೆ, ಕೆರೆಯಲ್ಲಿ ತೇಲೋ ಬಾತುಕೋಳಿಯ ಹಿಂಬದಿ ಹಾಗೆ. ಜರ್ಮನ್ನರು ಇದಕ್ಕೆ ಇಟ್ಟ ಅಡ್ಡಹೆಸರೂ ಅದೇ: ಎಂಟೆನ್‌ಬ್ಯೂರ್ಟ್ಸೆಲ್, ಅಂದ್ರೆ ಬಾತುಕೋಳಿಯ ಪುಕ್ಕ. ಇಂಗ್ಲಿಷಿನಲ್ಲಿ ಡಕ್‌ಟೇಲ್.

ಬಹಳ ಜನ ಇದನ್ನ ಬರೀ ಸ್ಪಾಯ್ಲರ್ ಅಂದ್ಕೊಂಡಿದಾರೆ. ಅಲ್ಲ. ಇದು ಇಡೀ ಎಂಜಿನ್ ಮುಚ್ಚಳ. ಪೋರ್ಷೆ 911ರಲ್ಲಿ ಡಿಕ್ಕಿ ಮುಂದೆ, ಎಂಜಿನ್ ಹಿಂದೆ. ಹಾಗಾಗಿ ಈ ಬಾಲ ಬೇಕು ಅಂದ್ರೆ ಹಳೇ ಮುಚ್ಚಳ ಕಳಚಿ ಪೂರ್ತಿ ಹೊಸದನ್ನೇ ಕೂರಿಸಬೇಕು. ಐವತ್ತು ವರ್ಷದಿಂದ ಲೋಕದ ಎಷ್ಟೋ ಗ್ಯಾರೇಜುಗಳಲ್ಲಿ ಜನ ಅದನ್ನೇ ಮಾಡ್ತಾ ಬಂದಿದ್ದಾರೆ. ಯಾಕೆ, ಹೇಗೆ, ಅದರಲ್ಲಿ ಮೋಸ ಎಲ್ಲಿ ಹೊಕ್ಕಿತು ಅನ್ನೋದೇ ಈ ಸರಣಿ.

(2/7)
ಮೊದಲು ಸಮಸ್ಯೆ ಏನಿತ್ತು ಅಂತ ನೋಡೋಣ.

911 ಕಾರು 1963ರಲ್ಲಿ ಫ್ರಾಂಕ್‌ಫರ್ಟ್ ಮೋಟಾರ್ ಶೋನಲ್ಲಿ ಮೊದಲ ಸಲ ಕಾಣಿಸಿಕೊಂಡಿತು. ಆರು ಸಿಲಿಂಡರಿನ, ಗಾಳಿಯಿಂದಲೇ ತಣ್ಣಗಾಗೋ ಎಂಜಿನ್, ಅದೂ ಹಿಂದಿನ ಆಕ್ಸಲ್‌ಗಿಂತಲೂ ಆಚೆಗೆ ನೇತುಹಾಕಿದ್ದು. ತಲೆ ಮೇಲೆ ನೀರಿನ ಕೊಡ ಸರಿಯಾಗಿ ಇಟ್ಕೊಂಡ್ರೆ ನಡೆಯಬಹುದು, ಅದೇ ಕೊಡವನ್ನ ಬೆನ್ನ ಹಿಂದೆ ಹಗ್ಗದಲ್ಲಿ ಕಟ್ಕೊಂಡು ಓಡಿ ನೋಡಿ. ನೇರ ದಾರಿಯಲ್ಲಿ ಏನೂ ಆಗಲ್ಲ. ತಿರುವಿನಲ್ಲಿ ಗಾಬರಿಯಾಗಿ ಆಕ್ಸಿಲರೇಟರ್‌ನಿಂದ ಕಾಲು ತೆಗೆದ್ರೆ ಸಾಕು, ಹಿಂಭಾಗ ಮುಂದಕ್ಕೆ ಬರೋಕೆ ಹೊರಡುತ್ತೆ.

ಕಂಪನಿಗೆ ಇದು ಚೆನ್ನಾಗೇ ಗೊತ್ತಿತ್ತು. ಆರಂಭದ ವರ್ಷಗಳಲ್ಲಿ ಅವರು ಮಾಡಿದ ಉಪಾಯ ಕೇಳಿದ್ರೆ ನಗು ಬರುತ್ತೆ: ಮುಂದಿನ ಬಂಪರಿನ ಎರಡೂ ಮೂಲೆಗಳಲ್ಲಿ ತಲಾ 11 ಕೆಜಿಯ ಎರಕದ ಕಬ್ಬಿಣದ ತೂಕ ಇಟ್ಟುಬಿಟ್ಟರು! ಸ್ಪೋರ್ಟ್ಸ್ ಕಾರಿಗೆ ತೂಕದ ಕಲ್ಲು. ಆಮೇಲೆ 1969ರ ಮಾಡೆಲ್‌ಗೆ ಚಕ್ರಗಳ ನಡುವಿನ ಅಂತರವನ್ನ 57 ಮಿ.ಮೀ. ಹೆಚ್ಚಿಸಿದರು, ಒಂದು ಬ್ಯಾಟರಿ ಬದಲು ಎರಡನ್ನ ಮುಂಭಾಗದ ಎರಡು ಪಕ್ಕಕ್ಕೆ ಹಂಚಿದರು. ಕಾರು ಎಷ್ಟೋ ಸುಧಾರಿಸಿತು.

ಆದ್ರೆ ಇನ್ನೊಂದು ಶತ್ರು ಉಳಿದಿತ್ತು. ಗಾಳಿ. 911ರ ಆ ಚೆಂದದ ಗುಂಡನೆ ಬೆನ್ನು ಇದೆಯಲ್ಲ, ವೇಗ ಏರಿದ ಹಾಗೆ ಅದು ವಿಮಾನದ ರೆಕ್ಕೆಯ ಕೆಲಸ ಮಾಡುತ್ತೆ. ಮೇಲೆ ಹರಿಯೋ ಗಾಳಿಯ ಒತ್ತಡ ಕಡಿಮೆಯಾಗಿ ಹಿಂದಿನ ಚಕ್ರಗಳನ್ನ ರಸ್ತೆಯಿಂದ ಎತ್ತೋಕೆ ನೋಡುತ್ತೆ. ಹಿಡಿತ ಎಲ್ಲಕ್ಕಿಂತ ಹೆಚ್ಚು ಬೇಕಾದ ಹೊತ್ತಲ್ಲೇ ಹಿಡಿತ ಸಡಿಲ.

(3/7)
1972. ಅರ್ನ್ಸ್ಟ್ ಫೂರ್‌ಮನ್ ಪೋರ್ಷೆಯ ಹೊಣೆ ಹೊತ್ತಿದ್ದ ಕಾಲ. 911ನ್ನ ರೇಸಿನಲ್ಲಿ ಗೆಲ್ಲಿಸಬೇಕು ಅಂದ್ರೆ ಗ್ರೂಪ್ 4 ನಿಯಮದಂತೆ 500 ರಸ್ತೆ ಕಾರುಗಳನ್ನ ತಯಾರಿಸಬೇಕಿತ್ತು. ರೇಸ್ ಕಾರಿಗೆ ಬಾಲ ಬೇಕಾದ್ರೆ ರಸ್ತೆ ಕಾರಿಗೂ ಬಾಲ ಇರಲೇಬೇಕು. ಅಂದ್ರೆ ಗಿರಾಕಿ ಅದನ್ನ ದುಡ್ಡು ಕೊಟ್ಟು ಕೊಳ್ಳಬೇಕು.

ಎಂಜಿನಿಯರ್‌ಗಳಾದ ಹೆರ್ಮನ್ ಬುರ್ಸ್ಟ್, ಟಿಲ್ಮನ್ ಬ್ರೋಡ್‌ಬೆಕ್, ಜೊತೆಗೆ ವಿನ್ಯಾಸಕ ರೋಲ್ಫ್ ವೀನರ್ ಈ ಕೆಲಸಕ್ಕೆ ಇಳಿದರು. ವಿಂಡ್ ಟನಲ್ಲಿನಲ್ಲಿ ಕಾರು ನಿಲ್ಲಿಸೋದು, ತಗಡು ಕತ್ತರಿಸಿ ಹಿಂದೆ ಜೋಡಿಸೋದು, ಗಾಳಿ ಬಿಡೋದು, ಅಳೆಯೋದು, ಮತ್ತೆ ಕತ್ತರಿಸೋದು. ಕಂಪ್ಯೂಟರ್ ಪರದೆ ಮೇಲೆ ಹುಟ್ಟಿದ ಆಕಾರ ಅಲ್ಲ ಇದು, ಟಿಂಕರಿಂಗ್ ಶೆಡ್ಡಿನ ರೀತಿಯಲ್ಲೇ ಹುಟ್ಟಿದ್ದು. 1972ರ ಆಗಸ್ಟ್ 5ರಂದು ಮೂವರ ಹೆಸರಲ್ಲಿ ಪೇಟೆಂಟ್ ಅರ್ಜಿ ಹೋಯ್ತು, ಸಂಖ್ಯೆ 2238704.

ಇಲ್ಲಿ ಮಜಾ ನೋಡಿ. ಸಾಮಾನ್ಯವಾಗಿ ಸ್ಪಾಯ್ಲರ್ ಕಾರನ್ನ ಕೆಳಕ್ಕೆ ಒತ್ತಿದ್ರೆ ಅದಕ್ಕೆ ಬೆಲೆಯಾಗಿ ವೇಗ ಕಡಿಮೆ ಆಗುತ್ತೆ. ಈ ಬಾಲ ಹಿಂದಿನ ಎತ್ತುವಿಕೆಯನ್ನೂ ತಗ್ಗಿಸಿತು, ಗರಿಷ್ಠ ವೇಗವನ್ನ ಗಂಟೆಗೆ 4.5 ಕಿ.ಮೀ. ಹೆಚ್ಚಿಸಿತು, ಎಂಜಿನ್ನಿಗೆ ತಣ್ಣನೆ ಗಾಳಿ ಹೋಗೋದಕ್ಕೂ ನೆರವಾಯ್ತು. ಮೂರೂ ಲಾಭ ಒಂದೇ ಮುಚ್ಚಳದಲ್ಲಿ.

ಮಾರಾಟ ವಿಭಾಗಕ್ಕೆ ಮಾತ್ರ ಖುಷಿಯಿಲ್ಲ. ಇಂಥ ಕಾರು 500 ಜನ ಕೊಳ್ತಾರಾ ಅನ್ನೋ ಅನುಮಾನ. ಅಕ್ಟೋಬರ್‌ನಲ್ಲಿ ಪ್ಯಾರಿಸ್ ಶೋನಲ್ಲಿ ಕರೇರಾ ಆರ್‌ಎಸ್ 2.7 ಕಾಣಿಸಿಕೊಂಡಿತು: 210 ಅಶ್ವಶಕ್ತಿ, 34,000 ಮಾರ್ಕ್. ನವೆಂಬರ್ ಕೊನೆಯೊಳಗೆ 500ಕ್ಕೆ 500 ಬಿಕರಿ. ಕೊನೆಗೆ 1973ರ ಜುಲೈ ಹೊತ್ತಿಗೆ 1,580 ಕಾರು ತಯಾರಾದವು. ಮಾರಾಟದವರ ಲೆಕ್ಕಾಚಾರ ಮೂರು ಪಟ್ಟು ತಪ್ಪಿತ್ತು!

(4/7)
ಈ ಫೋಟೋ ಆರ್‌ಎಸ್ ಸ್ಪೋರ್ಟ್‌ದು, ಅಂದ್ರೆ ಹಗುರ ಆವೃತ್ತಿ. 700 ಮಾರ್ಕ್ ಹೆಚ್ಚಿಗೆ ಕೊಟ್ರೆ ಕಂಪನಿಯವರು ಕಾರಿನಿಂದ ವಸ್ತುಗಳನ್ನ ತೆಗೆದು ಕೊಡ್ತಿದ್ರು. ಓದಿದ್ದು ಸರಿ. ಹಿಂದಿನ ಸೀಟಿಲ್ಲ, ಕಾರ್ಪೆಟ್ಟಿಲ್ಲ, ಗಡಿಯಾರ ಇಲ್ಲ, ಕೈ ಇಡೋ ಆರ್ಮ್‌ರೆಸ್ಟೂ ಇಲ್ಲ. ತೆಳು ತಗಡು, ತೆಳು ಗಾಜು. ತೂಕ 960 ಕೆಜಿ. ಸೊನ್ನೆಯಿಂದ ನೂರಕ್ಕೆ 5.8 ಸೆಕೆಂಡ್.

ಈ ಹಗುರ ಕಾರಿನ ಎಂಜಿನ್ ಮುಚ್ಚಳ ಫೈಬರ್‌ಗ್ಲಾಸಿನದು. ಫೋಟೋ ಝೂಮ್ ಮಾಡಿದ್ರೆ ಕೆಳಗೆ ಎರಡು ಕಡೆ ಕಪ್ಪು ರಬ್ಬರ್ ಪಟ್ಟಿ ಕಾಣುತ್ತೆ. ಮುಚ್ಚಳವನ್ನ ಎಳೆದು ಹಿಡಿಯೋ ಪಟ್ಟಿ ಅದು. ಅಷ್ಟು ದುಬಾರಿ ಕಾರಿಗೆ ರಬ್ಬರ್ ಪಟ್ಟಿಯಾ ಅಂತ ಕೇಳಬೇಡಿ. ಗಾಳಿ ಮೇಲಕ್ಕೆ ಎಳೆಯುವಾಗ ತೆಳ್ಳನೆ ಫೈಬರ್ ಹಾಳೆ ಉಬ್ಬಿ ಏಳಬಾರದಲ್ಲ.

1973ರ ಫೆಬ್ರವರಿಯಲ್ಲಿ ಇದರ ರೇಸ್ ಅವತಾರ ಆರ್‌ಎಸ್‌ಆರ್, ಪೀಟರ್ ಗ್ರೆಗ್ ಮತ್ತು ಹರ್ಲಿ ಹೇವುಡ್ ಕೈಯಲ್ಲಿ ಡೇಟೋನಾ 24 ಗಂಟೆ ರೇಸ್ ಗೆದ್ದಿತು. ಆಮೇಲೆ ಯಾರಿಗೂ ಬಾಲದ ಬಗ್ಗೆ ವಿವರಿಸಿ ಹೇಳೋ ಅಗತ್ಯ ಬೀಳಲಿಲ್ಲ. ಎಲ್ಲರಿಗೂ ಅದೇ ಬೇಕು.

ತಮಾಷೆ ಅಂದ್ರೆ ಜರ್ಮನಿಯ ರಸ್ತೆ ಸುರಕ್ಷತೆಯ ಅಧಿಕಾರಿಗಳಿಗೇ ಈ ಚೂಪು ಅಂಚು ಹಿಡಿಸಲಿಲ್ಲ. ನಡೆದು ಹೋಗೋರಿಗೆ, ಸೈಕಲ್ಲಿನವರಿಗೆ ಅಪಾಯ ಅನ್ನೋ ತಕರಾರು. ಮುಂದೆ ಬಂದ ದೊಡ್ಡ ಬಾಲಕ್ಕೆ ಸುತ್ತಲೂ ಮೆತ್ತನೆ ರಬ್ಬರ್ ಅಂಚು ಬಂತು. ಅದೇ ತಿಮಿಂಗಿಲ ಬಾಲ, ವೇಲ್‌ಟೇಲ್. 911 ಟರ್ಬೋ ಜೊತೆ ಅದು ಮನೆಮಾತಾಯ್ತು. 1978ರಲ್ಲಿ 3.3 ಲೀಟರ್ ಟರ್ಬೋ ಬಂದಾಗ ಮುಚ್ಚಳದೊಳಗೆ ಇಂಟರ್‌ಕೂಲರನ್ನೇ ಕೂರಿಸಿದ್ರು, ಅಂಚು ಎತ್ತರಿಸಿದ್ರು. ಅದಕ್ಕೆ ಟೀ ಟ್ರೇ ಅಂತ ಹೆಸರು.

(5/7)
ಈಗ ಅಸಲಿ ವಿಷಯ. ಸಾಧಾರಣ 911 ಇಟ್ಕೊಂಡವನಿಗೂ ಆರ್‌ಎಸ್ ಥರ ಕಾಣೋ ಆಸೆ. ಆಸೆ ಇದ್ದ ಕಡೆ ಅಚ್ಚು ಹುಟ್ಟುತ್ತೆ. ಒಂದು ಮುಚ್ಚಳ ಕೈಗೆ ಸಿಕ್ಕರೆ ಅದರ ಮೇಲೆ ಅಚ್ಚು ತೆಗೆದು, ಫೈಬರ್ ಬಟ್ಟೆ ಹಾಸಿ, ರೆಸಿನ್ ಬಳಿದು ಇನ್ನೊಂದು ಮಾಡಬಹುದು. ಆ ಇನ್ನೊಂದರ ಮೇಲೆ ಮತ್ತೊಬ್ಬ ಅಚ್ಚು ತೆಗೀತಾನೆ. ಜೆರಾಕ್ಸಿನ ಜೆರಾಕ್ಸ್ ಮಾಡ್ತಾ ಹೋದ್ರೆ ಅಕ್ಷರ ಮಸುಕಾಗಲ್ವಾ, ಹಾಗೇ ಇಲ್ಲೂ. ರೆಸಿನ್ ಗಟ್ಟಿಯಾಗುವಾಗ ಒಂಚೂರು ಕುಗ್ಗುತ್ತೆ. ನಾಲ್ಕನೇ ತಲೆಮಾರಿನ ನಕಲು ಕಾರಿನ ಮೇಲಿಟ್ಟರೆ ಒಂದು ಕಡೆ ಸಂದಿ ದೊಡ್ಡದು, ಇನ್ನೊಂದು ಕಡೆ ಉಜ್ಜುತ್ತೆ.

ನೀವೇ ಕೂರಿಸ್ತೀರಿ ಅಂದ್ಕೊಳ್ಳಿ. ಮೊದಲು ಹಳೇ ಮುಚ್ಚಳದ ಹಿಂಜ್ ಸುತ್ತ ಮಾರ್ಕರಿನಿಂದ ಗೆರೆ ಹಾಕಿ. ಇದೊಂದು ಮರೆತರೆ ಇಡೀ ದಿನ ಹೊಂದಿಸೋದರಲ್ಲೇ ಕಳೆಯುತ್ತೆ. ಇನ್ನೊಬ್ಬರನ್ನ ಹಿಡ್ಕೊಳ್ಳೋಕೆ ಕರೀರಿ, ಆಮೇಲೆ ಬೋಲ್ಟ್ ಬಿಚ್ಚಿ.

ಹೊಸದನ್ನ ಬಣ್ಣ ಹಚ್ಚೋ ಮುಂಚೆ ಕೂರಿಸಿ ನೋಡಿ. ದಯವಿಟ್ಟು. ಬಣ್ಣ ಹಚ್ಚಿದ ಮೇಲೆ ಅಂಚು ಉಜ್ಜೋ ಪಾಡು ಬೇಡ. ಬೋಲ್ಟಿನ ತೂತುಗಳು ಸ್ವಲ್ಪ ದೊಡ್ಡವೇ ಇರುತ್ತವೆ, ಮುಚ್ಚಳವನ್ನ ಆಚೀಚೆ ಸರಿಸಿ ಸಂದಿ ಸಮ ಮಾಡಬಹುದು. ಫೈಬರ್ ಮೇಲೆ ನೇರ ಬೋಲ್ಟ್ ಬಿಗಿಯಬೇಡಿ, ಅಗಲ ವಾಷರ್ ಹಾಕಿ, ಇಲ್ಲಾಂದ್ರೆ ತೂತಿನ ಸುತ್ತ ಬಿರುಕು ಬಿಡುತ್ತೆ. ಒಳ್ಳೇ ಮುಚ್ಚಳಗಳಲ್ಲಿ ಅಲ್ಲಿ ಲೋಹದ ಪಟ್ಟಿ ಮೊದಲೇ ಹುದುಗಿಸಿರ್ತಾರೆ.

ಇನ್ನು ಬಿಸಿಲು. ಹೊಸ ಫೈಬರನ್ನ ಕಾರಿನ ಮೇಲೇ ಕೂರಿಸಿ ಒಂದಷ್ಟು ದಿನ ಬಿಸಿಲಲ್ಲಿ ಬಿಡೋದು ಅನುಭವಸ್ಥ ಪೇಂಟರ್‌ಗಳ ಪದ್ಧತಿ. ಪೂರ್ತಿ ಮಾಗದ ರೆಸಿನ್ ಮೇಲೆ ಬಣ್ಣ ಹಚ್ಚಿದ್ರೆ, ಕೆಳಗಿನ ಎಂಜಿನ್ ಬಿಸಿಗೆ ಅದು ಮತ್ತೆ ಕುಗ್ಗಿ ಒಳಗಿನ ಬಟ್ಟೆಯ ನೇಯ್ಗೆ ಬಣ್ಣದ ಮೇಲೆ ಮೂಡಿ ಬರುತ್ತೆ.

(6/7)
ಕೆಲವರು ಇಷ್ಟಕ್ಕೆ ಕೆಲಸ ಮುಗೀತು ಅಂದ್ಕೊಳ್ತಾರೆ. ಮೂರು ಕಡೆ ಎಡವುತ್ತಾರೆ.

ಹಳೇ ತಗಡಿನ ಮುಚ್ಚಳ ಎತ್ತಿ ಹಿಡಿಯೋ ಗ್ಯಾಸ್ ಸ್ಟ್ರಟ್ ಅದರ ತೂಕಕ್ಕೆ ಲೆಕ್ಕ ಹಾಕಿದ್ದು. ಹಗುರ ಫೈಬರಿಗೆ ಅದನ್ನೇ ಬಿಟ್ಟರೆ ಮುಚ್ಚಳ ಮುಚ್ಚಿದಾಗಲೂ ಒಳಗಿಂದ ತಳ್ತಾನೇ ಇರುತ್ತೆ, ದಿನಕಳೆದಂತೆ ಫೈಬರ್ ಬಾಗುತ್ತೆ. ಅದಕ್ಕೇ ಎಷ್ಟೋ ಜನ ಸ್ಟ್ರಟ್ ತೆಗೆದು ಒಂದು ಕಡ್ಡಿ ಊರುಗೋಲು ಇಟ್ಕೊಂಡಿರ್ತಾರೆ.

ಎರಡನೇದು ಏಸಿ. ಏಸಿ ಇರೋ ಹಳೇ 911ಗಳಲ್ಲಿ ಕಂಡೆನ್ಸರ್ ಎಂಜಿನ್ ಮುಚ್ಚಳದ ಒಳಮೈಗೇ ಅಂಟಿಕೊಂಡಿರುತ್ತೆ. ತೆಳು ಫೈಬರ್ ಆ ಭಾರ ತಡೆಯಲ್ಲ. ಒಂದೋ ಲೋಹದ ಚೌಕಟ್ಟಿರೋ ಮುಚ್ಚಳ ಕೊಳ್ಳಬೇಕು, ಇಲ್ಲಾ ಏಸಿ ಬಿಡಬೇಕು. ಕಂಡೆನ್ಸರನ್ನ ಹೇಗೋ ನೇತುಹಾಕಿ, ಜಾಲರಿಯ ದಾರಿಗೆ ಅಡ್ಡ ಬಂದ್ರಂತೂ ಇನ್ನೂ ಕೆಟ್ಟದ್ದು. ಈ ಎಂಜಿನ್ನಿಗೆ ರೇಡಿಯೇಟರ್ ಇಲ್ಲ ಅನ್ನೋದು ನೆನಪಿರಲಿ. ಮುಚ್ಚಳದ ಜಾಲರಿಯೇ ಅದರ ಮೂಗು. ದೊಡ್ಡ ಫ್ಯಾನು ಅಲ್ಲಿಂದಲೇ ಗಾಳಿ ಎಳೆಯುತ್ತೆ.

ಮೂರನೇದು ಜೀವದ ಪ್ರಶ್ನೆ. ಹಿಂದೆ ಬಾಲ ಹಾಕಿ ಮುಂದೆ ಏನೂ ಹಾಕದಿದ್ರೆ, ಹೆಚ್ಚಿನ ವೇಗದಲ್ಲಿ ಹಿಂಭಾಗ ನೆಲ ಕಚ್ಚುತ್ತೆ, ಮುಂಭಾಗ ಹಗುರಾಗಿಯೇ ಉಳಿಯುತ್ತೆ. ಸ್ಟೀರಿಂಗ್ ಖಾಲಿ ಖಾಲಿ ಅನ್ಸುತ್ತೆ. ಆರ್‌ಎಸ್‌ಗೆ ಮುಂದಿನ ಬಂಪರ್ ಕೆಳಗೂ ಸ್ಪಾಯ್ಲರ್ ಇತ್ತು, ಹಿಂದಿನ ಚಕ್ರಗಳೂ ಮುಂದಿನವಕ್ಕಿಂತ ಅಗಲ ಇದ್ದವು. ಆ ಬಾಲ ಒಂದು ಲೆಕ್ಕದ ಒಂದು ಸಾಲು ಮಾತ್ರ. ಉಳಿದ ಸಾಲು ಬಿಟ್ಟು ಅದೊಂದನ್ನ ನಕಲು ಹೊಡೆದ್ರೆ ಉತ್ತರ ತಪ್ಪುತ್ತೆ.

(7/7)
ಮೋಸದ ಮಾತಿಗೆ ಬರೋಣ. ಚೆಂದಕ್ಕೆ ಬಾಲ ಹಾಕಿಸಿಕೊಂಡವರ ಮೇಲೆ ನನಗೇನೂ ತಕರಾರಿಲ್ಲ, ನಿಜ ಹೇಳಬೇಕಂದ್ರೆ ನನಗೂ ಆ ಆಕಾರ ಇಷ್ಟ. ಆದ್ರೆ ಅಸಲಿ ಆರ್‌ಎಸ್‌ಗೆ ಇವತ್ತು ಕೋಟಿಗಟ್ಟಲೆ ಬೆಲೆ. ಫೈಬರ್ ಮುಚ್ಚಳ, ಪಕ್ಕದಲ್ಲಿ ಕರೇರಾ ಅಂತ ಸ್ಟಿಕ್ಕರ್, ಬಣ್ಣ ಹಚ್ಚಿದ ಚಕ್ರ, ಇಷ್ಟಾದ್ರೆ ಫೋಟೋದಲ್ಲಿ ಯಾವ 911 ಕೂಡ ಆರ್‌ಎಸ್ ಥರ ಕಾಣುತ್ತೆ. ಮುಚ್ಚಳ ನೋಡಿ ನಂಬಬೇಡಿ. ಚಾಸಿ ನಂಬರ್ ನೋಡಿ: ಅಸಲಿ ಆರ್‌ಎಸ್ 2.7ರದ್ದು 911360 ಅಂತ ಶುರುವಾಗುತ್ತೆ. ಎಂಜಿನ್ ಮಾದರಿ 911/83. ತಗಡಿನ ಮೇಲೆ ಒತ್ತಿದ ಆ ನಂಬರಿನ ಸುತ್ತ ವೆಲ್ಡಿಂಗ್ ಗುರುತು ಇದೆಯಾ ಅಂತ ಟಾರ್ಚ್ ಹಿಡಿದು ನೋಡಿ.

ಸ್ವಂತ ಕಾರಿಗೆ ಹಾಕಿಸೋರಿಗೆ ಒಂದು ಕೊನೇ ಮಾತು. ಕಳಚಿದ ಹಳೇ ತಗಡಿನ ಮುಚ್ಚಳವನ್ನ ಗುಜರಿಗೆ ಹಾಕಬೇಡಿ. ಅದರ ಜಾಲರಿ, ಹಿಂಜಿನ ಬೋಲ್ಟ್, ಬೀಗದ ಭಾಗ, ಸ್ಟ್ರಟ್ ಎಲ್ಲ ಒಂದು ಡಬ್ಬದಲ್ಲಿ ಹಾಕಿ ಚೀಟಿ ಅಂಟಿಸಿ, ಮುಚ್ಚಳಕ್ಕೆ ಹಳೇ ಕಂಬಳಿ ಸುತ್ತಿ ಅಟ್ಟಕ್ಕೇರಿಸಿ. ಕಾರು ಮಾರೋ ದಿನ ಕೊಳ್ಳೋಕೆ ಬಂದವರು ಬಾಲ ನೋಡಿ ಖುಷಿಪಟ್ಟು, ಆಮೇಲೆ ಮೊದಲು ಕೇಳೋದು ಅದನ್ನೇ: ಒರಿಜಿನಲ್ ಮುಚ್ಚಳ ಎಲ್ಲಿ?

#ಕಾರಿನಕಥೆ #ಪೋರ್ಷೆ911 #ಡಕ್‌ಟೇಲ್