ನೇರಳೆಯ ನೆರಳಿನಲ್ಲಿ ವೈದ್ಯಧರ್ಮ

ಜೈನ ವೈದ್ಯಪರಂಪರೆಯು ಔಷಧದ ನೆಪದಲ್ಲಿಯೂ ಪ್ರಾಣಿಹಿಂಸೆಯನ್ನು ಒಪ್ಪಲಿಲ್ಲ. ೯ನೆಯ ಶತಮಾನದ ಉಗ್ರಾದಿತ್ಯಾಚಾರ್ಯರು ‘ಕಲ್ಯಾಣಕಾರಕ’ವೆಂಬ ಸಂಸ್ಕೃತ ಗ್ರಂಥದಲ್ಲಿ ಮದ್ಯಮಾಂಸಗಳನ್ನು ವರ್ಜಿಸಿಯೇ ಚಿಕಿತ್ಸೆಯನ್ನು ನಿರೂಪಿಸಿದರು. ವಿಜಯನಗರದ ಆರಂಭಕಾಲದಲ್ಲಿ, ಸುಮಾರು ೧೩೬೦ರಲ್ಲಿ, ಮಂಗರಾಜನು ‘ಖಗೇಂದ್ರಮಣಿದರ್ಪಣ’ವನ್ನು ರಚಿಸಿ ವಿಷಚಿಕಿತ್ಸೆಯನ್ನು ಕನ್ನಡಕ್ಕೆ ತಂದನು. ಶಕ ೧೩೦೭ರಲ್ಲಿ (ಕ್ರಿ.ಶ. ೧೩೮೫-೮೬) ದಂಡನಾಯಕ ಇರುಗಪ್ಪನು ಹಂಪೆಯಲ್ಲಿ ಕುಂಥುನಾಥ ಚೈತ್ಯಾಲಯವನ್ನು ಕಟ್ಟಿಸಿದನು, ಅದೇ ಇಂದಿನ ಗಾಣಿಗಿತ್ತಿ ಬಸದಿ. ಜಿನಧರ್ಮಕ್ಕೆ ರಾಜಧಾನಿಯಲ್ಲಿಯೇ ನೆಲೆಯಿದ್ದ ಕಾಲವದು.

ಆದರೆ ಮಾಂಸವನ್ನು ಬಿಟ್ಟ ಮಾತ್ರಕ್ಕೆ ವೈದ್ಯನ ಹೊಣೆ ತೀರದು. ವೃಕ್ಷವೂ ಏಕೇಂದ್ರಿಯ ಜೀವವೇ. ನಿತ್ಯಹಸಿರಾದ ನೇರಳೆಯನ್ನೇ ನೋಡಬಹುದು. ಅದರ ತೊಗಟೆಯ ಕಷಾಯವನ್ನು ಅತಿಸಾರಕ್ಕೂ, ಒಣಗಿಸಿದ ಬೀಜದ ಚೂರ್ಣವನ್ನು ಮಧುಮೇಹಕ್ಕೂ ಕೊಡುವುದು ರೂಢಿ. ಬೀಜವು ಉದುರಿದ ಹಣ್ಣಿನಲ್ಲಿಯೇ ದೊರಕುತ್ತದೆ. ತೊಗಟೆಯನ್ನು ಕಾಂಡದ ಸುತ್ತಲೂ ಸುಲಿದರೆ ಎಲೆಯ ಆಹಾರವು ಬೇರಿಗಿಳಿಯದೆ ಮರವೇ ಸಾಯುತ್ತದೆ.

ಷಡ್‌ಲೇಶ್ಯೆಗಳ ದೃಷ್ಟಾಂತಕ್ಕೆ ಆಚಾರ್ಯರು ಆರಿಸಿಕೊಂಡುದೂ ಜಂಬೂವೃಕ್ಷವನ್ನೇ. ಶ್ರವಣಬೆಳಗೊಳದ ಮಠದ ಭಿತ್ತಿಯಲ್ಲಿ ಅದರ ಚಿತ್ರವಿದೆ. ಹಸಿದ ಆರು ಮಂದಿಯಲ್ಲಿ ಬುಡವನ್ನೇ ಕಡಿಯಹೊರಟವನು ಕೃಷ್ಣಲೇಶ್ಯೆಯವನು. ಬಿದ್ದ ಹಣ್ಣನ್ನಷ್ಟೇ ಆಯ್ದವನು ಶುಕ್ಲಲೇಶ್ಯೆಯವನು. ಹಣ್ಣು ಒಂದೇ, ಭಾವ ಬೇರೆ. ಬಸದಿಯ ಅಂಗಳದಲ್ಲಿ ನೇರಳೆಯೊಂದನ್ನು ನೆಟ್ಟು, ಉದುರಿದುದನ್ನು ಮಾತ್ರ ಮದ್ದಿಗೆ ಬಳಸಿದರೆ ಅದು ಔಷಧದಾನವೂ ಹೌದು, ಅಹಿಂಸಾವ್ರತದ ಪಾಲನೆಯೂ ಹೌದು.